ಹೊರಗಿನಿಂದ ಹಾಕುವ ಚಿಲಕ

ಗೋದಾಮಿನಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಯಂತ್ರಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಟೇಪಕ್ಕ. ಪೆಟ್ಟಿಗೆಯ ಬಾಯಿ ಮುಚ್ಚಿ, ಟೇಪನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಎಳೆದು, ಮಣಿಕಟ್ಟು ತಿರುವಿ ತುಂಡು ಮಾಡುವುದರಲ್ಲಿ ಅವಳನ್ನು ಸರಿಗಟ್ಟುವವರಿರಲಿಲ್ಲ. ಹೊಸದರಲ್ಲಿ ಹಾಗಿರಲಿಲ್ಲ. ಟೇಪು ಬೆರಳಿಗೆ ಸುತ್ತಿಕೊಂಡು, ತೋಳಿಗೆ ಅಂಟಿಕೊಂಡು, ಒಮ್ಮೆ ತಲೆಗೂದಲಿಗೂ ಹತ್ತಿಕೊಂಡು ಗೋಳಾಡಿಸಿತ್ತು. ಆ ಕೂದಲನ್ನು ಕತ್ತರಿಸಿ ಬಿಡಿಸಿದವನು ಅವಳ ಗಂಡ. ಅವನದು ಕ್ಷೌರದ ಅಂಗಡಿ. "ಗಿರಾಕಿ ಕಮ್ಮಿ ಅಂತ ನೀನೇ ತಲೆ ಕೊಡೋಕೆ ಬಂದ್ಯಾ?" ಎಂದು ನಕ್ಕಿದ್ದ.

ಊರ ಹೊರಗಿನ ರಸ್ತೆಯ ಪಕ್ಕ, ಕಿಟಕಿಯೇ ಇಲ್ಲದ ಉದ್ದನೆಯ ತಗಡಿನ ಕಟ್ಟಡ ಅದು. ಫೋನಿನಲ್ಲಿ ಅಂಗಡಿ ತೆರೆದವರಿಗೆ ನಿಜವಾದ ಅಂಗಡಿಯೂ ಇರುವುದಿಲ್ಲ, ಗೋದಾಮೂ ಇರುವುದಿಲ್ಲ. ತರಿಸಿದ ಮಾಲನ್ನೆಲ್ಲ ಈ ಕಂಪನಿಯ ಕಪಾಟುಗಳಲ್ಲಿ ತಂದು ತುಂಬುತ್ತಾರೆ. ಎಲ್ಲೋ ಕುಳಿತ ಗಿರಾಕಿ ಬೆರಳು ಒತ್ತಿದರೆ ಇಲ್ಲಿ ಚೀಟಿ ಹೊರಬೀಳುತ್ತದೆ. ಒಬ್ಬ ಓಡಿಹೋಗಿ ಕಪಾಟಿನಿಂದ ಮಾಲು ತರುತ್ತಾನೆ, ಮೇಜಿನವರು ಕಟ್ಟುತ್ತಾರೆ, ಯಂತ್ರದಿಂದ ಓಡುವ ಪಟ್ಟಿಯ ಮೇಲೆ ಜಾರಿದ ಪೆಟ್ಟಿಗೆ ಲಾರಿ ಸೇರುತ್ತದೆ. ಮಗುವಿನ ಬಟ್ಟೆ ಮಾರುವವರದ್ದು ಒಂದು ಸಾಲು, ಕಬ್ಬಿಣದ ಸಾಮಾನಿನವರದ್ದು ಅದರ ಎದುರು ಸಾಲು. ಒಬ್ಬರ ಪೆಟ್ಟಿಗೆಗೆ ಗುಲಾಬಿ ರಿಬ್ಬನ್ನು, ಇನ್ನೊಬ್ಬರದಕ್ಕೆ ಕಂದು ಕಾಗದ. ಬೇರೆ ಬೇರೆ ಅಂಗಡಿಯಿಂದ ಕೊಂಡೆನೆಂದು ಗಿರಾಕಿ ಅಂದುಕೊಳ್ಳುತ್ತಾನೆ. ಎಲ್ಲವನ್ನೂ ಕಟ್ಟುವುದು ಒಂದೇ ಜೊತೆ ಕೈ.

ಮೇಜುಗಳನ್ನು ಊರಿನ ಬಡಾವಣೆಗಳ ಲೆಕ್ಕದಲ್ಲಿ ಹಂಚಿದ್ದರು. ಟೇಪಕ್ಕನ ಮೇಜಿಗೆ ಬೀಳುತ್ತಿದ್ದದ್ದು ಕೆರೆಯಾಚೆಯ ಹೊಸ ಬಡಾವಣೆಗಳ ಚೀಟಿಗಳು. ಸೇರಿದ ದಿನವೇ ಸೂಪರ್‌ವೈಸರಮ್ಮ ಹೇಳಿದ್ದಳು: "ಚೀಟಿ ಮೇಲಿರೋದು ಕಣ್ಣಿಂದ ಕೈಗೆ ಹೋಗ್ಬೇಕು. ಬಾಯಿಗೆ ಹೋಗ್ಬಾರ್ದು. ಹೋಯ್ತೋ, ನಿಮ್ಮ ಕೆಲಸಾನೂ ಹೋಯ್ತು." ಟೇಪಕ್ಕನಿಗೆ ಅದೇನೂ ಕಷ್ಟವಾಗಿರಲಿಲ್ಲ. ದಿನಕ್ಕೆ ಕಣ್ಣ ಮುಂದೆ ಹರಿದುಹೋಗುವ ವಿಳಾಸಗಳಲ್ಲಿ ಒಂದಾದರೂ ಸಂಜೆಗೆ ನೆನಪಿರಬೇಕಲ್ಲ.

ಒಂದು ವಿಳಾಸ ಮಾತ್ರ ಹಾಗಲ್ಲ. ಅದು ತಂಗಿಯ ಮನೆಯದು.

ತಾಯಿ ತೀರಿಕೊಂಡಾಗ ತಂಗಿ ಇನ್ನೂ ತೊದಲು ಮಾತಿನ ಕೂಸು. ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಶಾಲೆಗೆ ಬಿಟ್ಟು ಬಂದದ್ದು, ಜ್ವರ ಬಂದರೆ ಎದ್ದು ಕೂತದ್ದು ಎಲ್ಲವೂ ಟೇಪಕ್ಕನೇ. ಈಗಲೂ ಅವಳ ಬಾಯಲ್ಲಿ ತಂಗಿ ಎಂದರೆ ಪುಟ್ಟಿ. ಮದುವೆಯಾಗಿ ಹೋದದ್ದು ಅನುಕೂಲಸ್ಥರ ಮನೆಗೆ. ಗಂಡ ಸರಕು ಹಡಗಿನ ಎಂಜಿನ್ ನೋಡಿಕೊಳ್ಳುವವನು. ಹೋದರೆ ತಿಂಗಳುಗಟ್ಟಲೆ ಮನೆಯ ಕಡೆ ತಲೆ ಹಾಕುವಂತಿಲ್ಲ. ಮಕ್ಕಳಿಲ್ಲ. ಮನೆಯಲ್ಲಿ ಪುಟ್ಟಿ ಮತ್ತು ಅತ್ತೆ, ಇಬ್ಬರೇ.

ಆ ಅತ್ತೆ ಸಾಮಾನ್ಯದ ಹೆಂಗಸಲ್ಲ. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಿಯಾದವಳು. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಮುಂದಿನ ಸೀಟಿನ ಪುಂಡರನ್ನು ಒಂದೇ ಮಾತಿಗೆ ಎಬ್ಬಿಸುತ್ತಿದ್ದ ಗಂಟಲು ಅವಳದು. ಮನೆಗೆ ಬಂದ ಮೇಲೂ ಆ ಗಂಟಲು ತಗ್ಗಲಿಲ್ಲ. ಟಿವಿಯ ಸುದ್ದಿಗೆ ಎದುರು ಮಾತಾಡುತ್ತಿದ್ದಳು, ಬೀದಿಯಲ್ಲಿ ಹೋಗುವ ತರಕಾರಿಯವನನ್ನು ಮಹಡಿಯಿಂದಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು, ಸ್ನಾನದ ಮನೆಯಲ್ಲಿ ಹಾಡುತ್ತಿದ್ದಳು. ಭಾನುವಾರದ ಫೋನಿನಲ್ಲಿ ಪುಟ್ಟಿಯದು ಇದೇ ದೂರು. "ತಲೆ ಒಡೆದು ಹೋಗುತ್ತೆ ಅಕ್ಕ. ಬೆಳಿಗ್ಗೆಯಿಂದ ಮಲಗೋವರೆಗೆ ಬಸ್ ನಿಲ್ದಾಣದಲ್ಲಿ ಇದ್ದಂಗೆ." ಟೇಪಕ್ಕ ನಗುತ್ತಿದ್ದಳು. "ಟಿಕೆಟ್ ಕೇಳಲ್ಲ ತಾನೆ? ಸುಮ್ನಿರು," ಎನ್ನುತ್ತಿದ್ದಳು.

ಮೊದಲು ಬಂದದ್ದು ಚಿಲಕ. ಕಬ್ಬಿಣದ ಸಾಮಾನಿನ ಸಾಲಿನಿಂದ ಅದನ್ನು ತಂದು ಮೇಜಿನ ಮೇಲಿಟ್ಟವನು, ಓಡಾಟದ ಚುರುಕಿಗೆ ಎಲ್ಲರೂ ಗಾಳಿಪಟ ಎಂದು ಕರೆಯುತ್ತಿದ್ದ ಹುಡುಗುಬುದ್ಧಿಯ ಆಳು. ಮೊಣಕೈ ಉದ್ದದ ಉಕ್ಕಿನ ಚಿಲಕ. ಹೊದಿಕೆಯ ಮೇಲಿನ ಚಿತ್ರದಲ್ಲಿ ಅದನ್ನು ಬಾಗಿಲಿಗೆ ಹೊರಗಿನಿಂದ ಬಡಿದು ತೋರಿಸಿದ್ದರು. ಚೀಟಿಯ ಮೇಲೆ ತಂಗಿಯ ಗಂಡನ ಹೆಸರು ಕಂಡು ಟೇಪಕ್ಕನಿಗೆ ಖುಷಿಯೇ ಆಯಿತು. ನಮ್ಮ ಪುಟ್ಟಿಯ ಮನೆಗೆ ಹೋಗುವುದು ಎಂದು ಒಂದು ಸುತ್ತು ಹೆಚ್ಚಿಗೆ ಟೇಪು ಎಳೆದಳು. ಸಾಮಾನು ತುಂಬುವ ಕೋಣೆಗಿರಬೇಕು ಎಂದುಕೊಂಡಳು.

ಆಮೇಲೆ ಬಂದದ್ದು ಕ್ಯಾಮೆರಾ. ಮುಷ್ಟಿಯಷ್ಟು ಗಾತ್ರ, ಗೋಡೆಗೆ ಹಾಕುವಂಥದು. ಫೋನಿನಲ್ಲೇ ನೋಡಬಹುದು, ಫೋನಿನಿಂದಲೇ ಅದರೊಳಗೆ ಮಾತಾಡಬಹುದು. ಆ ಅಂಗಡಿಯವರ ಧನ್ಯವಾದದ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಡಬೇಕಿತ್ತು: ನಿಮ್ಮ ಪ್ರೀತಿಪಾತ್ರರು ಸದಾ ನಿಮ್ಮ ಕಣ್ಣೆದುರಿಗೆ. ಹೆಣ್ಣುಮಕ್ಕಳಿಬ್ಬರೇ ಇರುವ ಮನೆ, ಒಳ್ಳೆಯದೇ ಆಯಿತು ಎಂದುಕೊಂಡು ಇಟ್ಟಳು.

ಕಿಟಕಿಯ ಗಾಜಿಗೆ ಅಂಟಿಸುವ ಕಪ್ಪು ಹಾಳೆಯ ಸುರುಳಿ ಬಂದಾಗ ಮಾತ್ರ ಅವಳ ಕೈ ಒಂದು ಗಳಿಗೆ ನಿಂತಿತು. ಹೊರಗಿನಿಂದ ಒಳಗೆ ಕಾಣದಂತೆ ಮಾತ್ರ ಮಾಡುವ ಹಾಳೆಯಲ್ಲ ಅದು. ಒಳಗಿನಿಂದಲೂ ಹೊರಗೆ ಕಾಣುವುದಿಲ್ಲ. ಒಂದೇ ಕಿಟಕಿಗೆ ಆಗುವಷ್ಟು.

ಮುಂದಿನ ವಾರ ಮಗುವಿನ ಸಾಮಾನಿನ ಸಾಲಿನಿಂದ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ. ಬಿದ್ದರೂ ಒಡೆಯದ್ದು, ಬಡಿದರೂ ಸದ್ದಾಗದ್ದು, ಅಂಚೆಲ್ಲ ಮೆತ್ತಗೆ. ಗುಲಾಬಿ ರಿಬ್ಬನ್ನು ಕಟ್ಟಬೇಕು. ನಿಮ್ಮ ಪುಟಾಣಿಗೊಂದು ಮುತ್ತು ಎಂಬ ಕಾರ್ಡು ಇಡಬೇಕು.

"ಯಾರ ಮನೇಲಿ ತೊಟ್ಟಿಲು ಕಟ್ಟಿದ್ರೋ," ಎಂದ ಗಾಳಿಪಟ.

ಟೇಪಕ್ಕ ಚೀಟಿ ನೋಡಿದಳು. ಅದೇ ವಿಳಾಸ. ಪುಟ್ಟಿಯ ಮನೆಯಲ್ಲಿ ಪುಟಾಣಿ ಇಲ್ಲ. ಆಗುವ ಸುದ್ದಿ ಇದ್ದರೆ ಮೊದಲು ಅಕ್ಕನ ಕಿವಿಗೇ ಬೀಳುತ್ತಿತ್ತು.  ಚಿಲಕ ಮಾರಿದವನಿಗೆ ಕ್ಯಾಮೆರಾದ ವಿಷಯ ಗೊತ್ತಿಲ್ಲ. ಕ್ಯಾಮೆರಾದವನಿಗೆ ಕಪ್ಪು ಹಾಳೆಯ ವಿಷಯ ಗೊತ್ತಿಲ್ಲ. ಎಲ್ಲವೂ ಒಂದೇ ಬಾಗಿಲಿಗೆ ಹೋಗುತ್ತಿರುವುದನ್ನು ಕಂಡವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

ಆ ಭಾನುವಾರ ಪುಟ್ಟಿಯ ಫೋನು ಬರಲಿಲ್ಲ. ಟೇಪಕ್ಕನೇ ಮಾಡಿದಳು. ತುಂಬ ಹೊತ್ತು ಬಡಿದುಕೊಂಡ ಮೇಲೆ ಪುಟ್ಟಿ ಎತ್ತಿದಳು. ಪಿಸುದನಿ.

"ಏನೇ ಪುಟ್ಟಿ, ಹುಷಾರಿದ್ದೀಯಾ?"

"ಹ್ಞೂಂ ಅಕ್ಕ."

"ಯಾಕೆ ಮೆತ್ತಗೆ ಮಾತಾಡ್ತಿದ್ದೀಯ? ನಿಮ್ಮನೆಯವರು ಬಂದಿದ್ದಾರಾ?"

"ಅವರೆಲ್ಲಿ ಬರ್ತಾರೆ..." ಎಂದಳು ಪುಟ್ಟಿ. ಹಿಂದೆ ಎಲ್ಲೋ ಮರಕ್ಕೆ ಮುಷ್ಟಿಯಿಂದ ಗುದ್ದಿದಂಥ ಸದ್ದು. ಒಂದು, ಮತ್ತೆ ಒಂದು. "ಅಕ್ಕ, ಆಮೇಲೆ ಮಾಡ್ತೀನಿ," ಎಂದು ಇಟ್ಟೇಬಿಟ್ಟಳು. ಆಮೇಲೆ ಮಾಡಲಿಲ್ಲ.

ಮರುದಿನ ಮೇಜಿನ ಮೇಲೆ ಬಂದದ್ದು ಬಾಗಿಲಿನ ಸಂದಿಗೆ ಅಂಟಿಸುವ ದಪ್ಪ ಸ್ಪಂಜಿನ ಪಟ್ಟಿ. ಸದ್ದು ತಡೆಯುವುದಕ್ಕೆ.

ಟೇಪಕ್ಕ ಚೀಟಿಯನ್ನು ಮತ್ತೊಮ್ಮೆ ಓದಿದಳು. ಅದರ ಮೇಲೆ ತಂಗಿಯ ಗಂಡನದೇ ಹೆಸರು. ಹಾಗಾದರೆ ಅವನು ಹಡಗಿನಲ್ಲಿಲ್ಲ, ಯಾರಿಗೂ ಹೇಳದೆ ಮನೆಗೆ ಬಂದಿದ್ದಾನೆ, ಪುಟ್ಟಿಯನ್ನು ಕೂಡಿಹಾಕಿದ್ದಾನೆ, ಅವಳ ಫೋನಿಗೆ ಕಿವಿಯಿಟ್ಟಿದ್ದಾನೆ. ಯಾಕೆ ಎಂಬುದಕ್ಕೆ ಮನಸ್ಸು ನೂರು ಕಾರಣ ಕೊಟ್ಟಿತು. ಸಂಜೆ ಅಂಗಡಿಗೆ ಹೋಗಿ, ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ ಗಂಡನನ್ನು ಹೊರಗೆ ಕರೆದು ಎಲ್ಲ ಹೇಳಿದಳು. ಯಾವುದಕ್ಕೂ ಒಂದು ತಮಾಷೆ ಇಟ್ಟುಕೊಂಡೇ ಇರುವ ಅವನು ಈ ಸಲ ನೆಟ್ಟಗೆ ವಿಷಯಕ್ಕೇ ಬಂದ.

"ಕೆಲಸದ ಮಾತು ಹೊರಗೆ ಹೇಳಬಾರದು ಅಂತ ನಿಮ್ಮಲ್ಲಿ ಇದೆ, ಅಲ್ವಾ?"

"ಇದೆ ರೀ."

"ಹಾಗಾದ್ರೆ ಏನೂ ಹೇಳ್ಬೇಡ. ಸುಮ್ನೆ ತಂಗಿ ನೋಡೋಕೆ ಬಂದೆ ಅಂತ ಹೋಗು. ಕೂತು ಕೊರಗ್ತಾ ಇದ್ರೆ ನಿನಗೆ ನಿದ್ದೆ ಬರಲ್ಲ, ನನಗೆ ಊಟ ಸೇರಲ್ಲ."

ರಜೆಯ ದಿನ, ಮಟಮಟ ಮಧ್ಯಾಹ್ನ, ಟೇಪಕ್ಕ ಕೆರೆಯಾಚೆಯ ಬಡಾವಣೆಗೆ ಹೋದಳು. ಒಂದಕ್ಕೊಂದು ಅಂಟಿದ ಮನೆಗಳ ಸಾಲು. ಎಲ್ಲಕ್ಕೂ ಒಂದೇ ಬಣ್ಣದ ಗೇಟು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸಾಲಿನ ಕೊನೆಯದಾದ ತಂಗಿಯ ಮನೆಯ ಪಕ್ಕದ ಓಣಿಗೆ ಮುಖ ಮಾಡಿದ್ದ ಹಿಂದಿನ ಕೋಣೆಯ ಕಿಟಕಿ ಕಪ್ಪಗಿತ್ತು. 

ಗಂಟೆ ಒತ್ತಿದಳು. ಬಾಗಿಲು ತೆರೆದದ್ದು ಪುಟ್ಟಿ. ಸೊರಗಿ, ಕಣ್ಣು ಗುಳಿಬಿದ್ದು, ಮೈಮೇಲೆ ಗಾಯದ ಗುರುತು ಹೊತ್ತು ನಿಂತಿರುತ್ತಾಳೆಂದು ಹೆದರಿ ಬಂದಿದ್ದಳಲ್ಲ, ಹಾಗೇನೂ ಇರಲಿಲ್ಲ. ಮೈಕೈ ತುಂಬಿಕೊಂಡಿದ್ದಳು. ಮುಖದಲ್ಲಿ ಗೆಲುವು. ಆಗಷ್ಟೇ ಮಿಂದು ಒಗೆದ ಬಟ್ಟೆ ಉಟ್ಟಿದ್ದಳು.

"ಅಕ್ಕಾ! ಹೇಳದೆ ಕೇಳದೆ ಬಂದುಬಿಟ್ಯಲ್ಲೇ!"

"ಅವರು ಬಂದಿಲ್ವಾ?"

"ಇನ್ನೂ ಎರಡು ಬಂದರು ಬಾಕಿ ಇದೆಯಂತೆ. ಒಳಗೆ ಬಾ. ಚಪ್ಪಲಿ ಸದ್ದು ಮಾಡ್ಬೇಡ."

ಟೇಪಕ್ಕನಿಗೆ ಹೋದ ಜೀವ ಬಂದಂತಾಯಿತು. ಸೋಫಾದ ಮೇಲೆ ಧೊಪ್ಪನೆ ಕುಳಿತು ನೀರು ಕೇಳಿದಳು. ಮನೆ ಕನ್ನಡಿಯಂತಿತ್ತು. ಎಷ್ಟು ನಿಶ್ಶಬ್ದವೆಂದರೆ ಅಡುಗೆಮನೆಯ ಫ್ರಿಜ್ಜು ಗುಂಯ್‌ಗುಟ್ಟುವುದು ಇಲ್ಲಿಗೇ ಕೇಳುತ್ತಿತ್ತು. ಟಿವಿಯ ಮೇಲೆ ಬಟ್ಟೆ ಹೊದಿಸಿದ್ದರು. ನೀರು ಕುಡಿದು ಲೋಟ ಕೆಳಗಿಡುವಾಗ ಅವಳಿಗೆ ಆ ನಿಶ್ಶಬ್ದದಲ್ಲಿ ಏನು ಇಲ್ಲ ಎಂಬುದು ಹೊಳೆಯಿತು.

"ನಿಮ್ಮ ಅತ್ತೆ ಎಲ್ಲಿ?"

"ಮಲಗಿದ್ದಾರೆ."

ಪುಟ್ಟಿಯ ಫೋನು ಟೀಪಾಯಿಯ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಅದರ ಗಾಜಿನ ಮೇಲೆ ಒಂದು ಮಂಚ, ಮಂಚದ ಪಕ್ಕದಲ್ಲಿ ಬೂದುಬಣ್ಣದ ಒಂದು ಆಕೃತಿ ಮೆಲ್ಲನೆ ಎದ್ದು ನಿಂತಿತು. ಪುಟ್ಟಿ ಮಾತಿನ ನಡುವೆಯೇ, ಕುದಿಯುವ ಹಾಲಿನ ಉರಿ ತಗ್ಗಿಸುವಷ್ಟು ಸಲೀಸಾಗಿ ಫೋನಿನ ಕಡೆ ಬಾಗಿದಳು.

"ಅತ್ತೆ, ಕೂತ್ಕೊಳ್ಳಿ."

ಹಿಂದಿನ ಕೋಣೆಯಿಂದ ಅದೇ ಮಾತು, ಅದೇ ದನಿಯಲ್ಲಿ, ಗೋಡೆಯೊಳಗಿಂದ ಬಂದಂತೆ ಕೇಳಿತು. ಗಾಜಿನ ಮೇಲಿನ ಆಕೃತಿ ಕುಳಿತಿತು.

 ಟೇಪಕ್ಕ ಎದ್ದು ಹಿಂದಿನ ಕೋಣೆಯ ಕಡೆ ನಡೆದಳು. ಬಾಗಿಲಿಗೆ, ಹೊರಗಿನಿಂದ, ತಾನೇ ಕಟ್ಟಿ ಕಳಿಸಿದ ಚಿಲಕ. ಸಂದಿಗೆ ತಾನೇ ಕಟ್ಟಿ ಕಳಿಸಿದ ಸ್ಪಂಜು. ಚಿಲಕ ಸರಿಸಿ ತಳ್ಳಿದಳು.

ಕೋಣೆ ಕೊಳಕಾಗಿರಲಿಲ್ಲ. ಹಾಸಿಗೆ ಮಡಿ, ನೆಲ ಒರೆಸಿದ್ದು, ಮೂಲೆಯಲ್ಲಿ ತೊಳೆದಿಟ್ಟ ಮೆತ್ತನೆಯ ತಟ್ಟೆ. ಮಧ್ಯಾಹ್ನವೇ ದೀಪ ಉರಿಯುತ್ತಿತ್ತು. ಮಂಚದ ಮೇಲೆ ಕಂಡಕ್ಟರಮ್ಮ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಶಾಲೆಯ ಮಗುವಿನಂತೆ ಕುಳಿತಿದ್ದಳು.

"ಅಮ್ಮಾ, ನಾನು. ಪುಟ್ಟಿಯ ಅಕ್ಕ. ಗುರ್ತು ಸಿಕ್ತಾ?"

"ಸಿಕ್ತು," ಎಂದಳು ಮುದುಕಿ. ಪಿಸುಮಾತು. ಅರಳುಮರಳಿನ ಕಣ್ಣಲ್ಲ, ಸ್ವಚ್ಛವಾದ, ಎಲ್ಲ ಗೊತ್ತಿರುವ ಕಣ್ಣು. "ಗಂಡ ಚೆನ್ನಾಗಿದ್ದಾನಾ? ಅಂಗಡಿ ನಡೀತಿದೆಯಾ?"

"ನಡೀತಿದೆ. ಬನ್ನಿ ಅಮ್ಮಾ, ಹೊರಗೆ ಕೂತ್ಕೊಳ್ಳೋಣ."

ಮುದುಕಿ ಅವಳನ್ನು ನೋಡಲಿಲ್ಲ. ತಲೆಯೆತ್ತಿ ಗೋಡೆಯ ಮೇಲಿನ ಕ್ಯಾಮೆರಾ ನೋಡಿದಳು. ಅದಕ್ಕೇ ಕೇಳಿದಳು: "ಬರಬಹುದಾ?"

 ಟೇಪಕ್ಕ ಹಿಂದೆ ತಿರುಗಿದರೆ ಬಾಗಿಲಲ್ಲಿ ಪುಟ್ಟಿ. ಅಕ್ಕನ ಕೈ ಹಿಡಿದು ಹೊರಗೆ ಎಳೆದು ಬಾಗಿಲು ಮುಚ್ಚಿದಳು.

"ಏನು ಮಾಡಿದ್ಯೇ ಪುಟ್ಟಿ ನೀನು?"

"ಏನು ಮಾಡಿದೆ? ಹೊಡೆದ್ನಾ? ಉಪವಾಸ ಕೆಡವಿದ್ನಾ? ಹೊತ್ತು ಹೊತ್ತಿಗೆ ಊಟ, ಹೊತ್ತು ಹೊತ್ತಿಗೆ ಮಾತ್ರೆ. ಒಲೆ ಮೇಲೆ ಪಾತ್ರೆ ಇಟ್ಟು ಬೀದಿಗೆ ಹೋಗಿಬಿಟ್ಟಿದ್ರು ಅಕ್ಕ ಒಂದು ದಿನ. ಮನೆ ತುಂಬ ಹೊಗೆ. ಅವರ ಒಳ್ಳೇದಕ್ಕೇ ಚಿಲಕ ಹಾಕಿದ್ದು. ಒಂದು ಗಂಟೆ ಮಟ್ಟಿಗೆ ಅಂತಲೇ ಹಾಕಿದ್ದು." ಪುಟ್ಟಿಯ ದನಿ ಇನ್ನಷ್ಟು ಇಳಿಯಿತು. "ಆವತ್ತು ಮನೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಗಡಿಯಾರದ ಸದ್ದು ಕೇಳಿಸ್ತು. ಈ ಮನೇಲಿ ಗಡಿಯಾರಕ್ಕೆ ಸದ್ದಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಮಾರನೇ ದಿನ ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಅನ್ನಿಸ್ತು."

"ಅದಕ್ಕೆ ಕಿಟಕಿಗೆ ಕಪ್ಪು ಹಚ್ಚಿದ್ಯಾ? ಸದ್ದಾಗದ ತಟ್ಟೆ ತರಿಸಿದ್ಯಾ? ಸಂದಿಗೆ ಸ್ಪಂಜು..."

ಮಾತು ಬಾಯಿಂದ ಜಾರಿದ ಮೇಲೆ ಟೇಪಕ್ಕ ತುಟಿ ಕಚ್ಚಿದಳು. ಪುಟ್ಟಿಯ ಕಣ್ಣು ಸಣ್ಣಗಾದವು.

"ತಟ್ಟೆಗೆ ಸದ್ದಿಲ್ಲ ಅಂತ ನಿನಗೆ ಹೇಗೆ ಗೊತ್ತು ಅಕ್ಕ? ಓ... ಅವೆಲ್ಲ ನಿಮ್ಮ ಗೋದಾಮಿಂದಲೇ ಬರ್ತಾವಾ? ನಮ್ಮನೆಯವರ ಹೆಸರಲ್ಲಿ ತರಿಸ್ತಿದ್ದೆ, ಬೇರೆ ಬೇರೆ ಅಂಗಡಿ ಅಂತ ಮಾಡಿದ್ದೆ ನಾನು." ಅವಳು ನಕ್ಕಳು. ಎತ್ತಿ ಆಡಿಸಿದ ಮಗುವಿನ ನಗುವೇ ಅದು. "ಗಿರಾಕಿಗಳ ವಿಷಯ ಹೊರಗೆ ತಂದ್ರೆ ನಿಮ್ಮ ಕಂಪನಿಯವರು ಏನು ಮಾಡ್ತಾರೆ ಅಕ್ಕ? ಸುಮ್ನೆ ಕೇಳ್ದೆ."

ಟೇಪಕ್ಕ ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ನುಂಗಲಾರದ ತುತ್ತು ಅದು, ಉಗುಳುವಂತೆಯೂ ಇರಲಿಲ್ಲ. ಬೇರೆ ಯಾರ ಮನೆಯಾಗಿದ್ದರೂ ಆ ಕ್ಷಣವೇ ಬೀದಿಗೆ ಬಂದು ನಾಲ್ಕು ಜನರನ್ನು ಕೂಗುತ್ತಿದ್ದಳು. ಇದು ಪುಟ್ಟಿ. ಜ್ವರದಲ್ಲಿ ತನ್ನ ಹೊಟ್ಟೆಗೆ ಮುಖ ಒತ್ತಿಕೊಂಡು ಮಲಗುತ್ತಿದ್ದ ಪುಟ್ಟಿ. ಇವತ್ತು ಹೆದರಿಕೊಂಡಿರುತ್ತಾಳೆ, ನಾಳೆ ತಾನೇ ಬಾಗಿಲು ತೆಗೆಯುತ್ತಾಳೆ ಎಂದು ರಾತ್ರಿಯೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ಕೆಲಸದ ನಡುವೆ ಗಾಳಿಪಟ ಒಂದು ಬೀಗ ತಂದು ಮೇಜಿನ ಮೇಲಿಟ್ಟ. ಅಂಗೈ ಅಗಲದ, ಭಾರದ ಬೀಗ. ಕೆರೆಯಾಚೆಯ ವಿಳಾಸ.

ಟೇಪಕ್ಕ ಕೈ ಹಿಂದೆಗೆದಳು. "ಇದನ್ನ ನಾನು ಕಟ್ಟಲ್ಲ."

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಹಿಂದಿನಿಂದ ಮಾಲು ಹೊತ್ತು ಬರುತ್ತಿದ್ದ ಟಬ್ಬುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು. ಸೂಪರ್‌ವೈಸರಮ್ಮ ಬಂದಳು. ಏನು, ಒಡೆದಿದೆಯಾ ಎಂದು ಬೀಗವನ್ನು ತಿರುಗಿಸಿ ನೋಡಿದಳು. "ಸರಿಯಾಗೇ ಇದೆಯಲ್ಲ. ಏನಾಯ್ತು ಟೇಪಕ್ಕ?"

"ಇದು ಆ ಮನೆಗೆ ಹೋಗ್ಬಾರ್ದು ಮೇಡಂ."

"ಯಾವ ಮನೆಗೆ?" ಎಂದ ಸೂಪರ್‌ವೈಸರಮ್ಮ ಅವಳ ಮುಖ ನೋಡಿ ದನಿ ತಗ್ಗಿಸಿದಳು. "ಬೇಡ. ನನಗೆ ಹೇಳ್ಬೇಡಿ. ಹೇಳಿದ್ರೆ ನಾನು ಮೇಲಿನವರಿಗೆ ಹೇಳ್ಬೇಕಾಗುತ್ತೆ." ಬೀಗವನ್ನು ತಾನೇ ಎತ್ತಿ ಪಕ್ಕದ ಮೇಜಿಗೆ ಕೊಟ್ಟಳು. ಟೇಪಕ್ಕ ನೋಡುತ್ತಿದ್ದಂತೆಯೇ ಅದು ಪೆಟ್ಟಿಗೆಯೊಳಗೆ ಹೋಯಿತು, ಟೇಪು ಅಂಟಿತು, ಪಟ್ಟಿಯ ಮೇಲೆ ಜಾರಿ ಲಾರಿಯ ಬಾಯಿಯ ಕತ್ತಲೆಗೆ ಬಿತ್ತು. ತಾನು ಕಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಸಂಜೆಯೊಳಗೆ ಅದು ಮುಟ್ಟುತ್ತದೆ.

ಊಟದ ಬಿಡುವಿನಲ್ಲಿ ಲಾಕರಿನಿಂದ ಫೋನು ತೆಗೆದು ತಂಗಿಯ ಗಂಡನಿಗೆ ಕರೆ ಮಾಡಿದಳು. ಹಡಗು ಯಾವುದೋ ಬಂದರಿನಲ್ಲಿ ನಿಂತಿತ್ತು; ಸಿಕ್ಕಿದ.

"ನಿಮ್ಮ ತಾಯಿಯನ್ನ ಕೋಣೆಯೊಳಗೆ ಹಾಕಿ ಹೊರಗಿಂದ ಚಿಲಕ ಜಡಿದಿದ್ದಾರೆ. ನಿಮಗೆ ಗೊತ್ತಾ?"

"ಅಯ್ಯೋ ಅಕ್ಕಾ, ನೀವು ಸುಮ್ನೆ ಗಾಬರಿಯಾಗಿದ್ದೀರ," ಎಂದ ಅವನು, ಆರಾಮದ ದನಿಯಲ್ಲಿ. "ಅಮ್ಮನ್ನ ದಿನಾ ನೋಡ್ತೀನಿ ನಾನು. ಆ ಕ್ಯಾಮೆರಾ ನನ್ನ ಫೋನಲ್ಲೂ ಇದೆ. ಇಗೋ, ಈಗಲೂ ಕಾಣ್ತಿದ್ದಾರೆ. ಮಂಚದ ಮೇಲೆ ಆರಾಮಾಗಿ ಕೂತಿದ್ದಾರೆ."

"ಮಾತಾಡಿದ್ದು ಕೇಳಿದ್ದೀರಾ?"

"ಸೌಂಡು ಬರಲ್ಲ. ಏನೋ ಕೆಟ್ಟಿದೆ ಅಂದ್ಲು."

"ಬಾಗಿಲು ಕಾಣುತ್ತಾ ಅದರಲ್ಲಿ?"

"ಇಲ್ಲ, ಮಂಚ ಮಾತ್ರ."

"ನಿಮ್ಮ ಅಮ್ಮ ಹೀಗೆ ಮಂಚದ ಮೇಲೆ ಸುಮ್ನೆ ಕೂತಿದ್ದನ್ನ ಹುಟ್ಟಿದಾಗಿಂದ ನೋಡಿದ್ದೀರಾ?"

ಆ ಕಡೆ ಎಂಜಿನ್ನಿನ ಗುಡುಗು ಮಾತ್ರ ಕೇಳುತ್ತಿತ್ತು. ಅವನು ನೋಡುತ್ತಿದ್ದ ಎಂಬುದು ಟೇಪಕ್ಕನಿಗೆ ಗೊತ್ತಾಯಿತು. ಕಡೆಗೆ, "ನಾನು ಅವಳ ಹತ್ರ ಮಾತಾಡ್ತೀನಿ," ಎಂದು ಇಟ್ಟ.

ಅವನು ಮಾತಾಡಿದ. ಪುಟ್ಟಿಯೂ ಮಾತಾಡಿದಳು, ಗಂಡನೊಂದಿಗಲ್ಲ, ಕಂಪನಿಯೊಂದಿಗೆ. ನಿಮ್ಮ ಪ್ಯಾಕಿಂಗಿನ ಹೆಂಗಸು ನಮ್ಮ ಪಾರ್ಸೆಲ್ಲುಗಳ ವಿಷಯ ಊರಿಗೆಲ್ಲ ಸಾರುತ್ತಿದ್ದಾಳೆ ಎಂಬ ದೂರು ಹೋಯಿತು. ಸೂಪರ್‌ವೈಸರಮ್ಮ ಟೇಪಕ್ಕನನ್ನು ಕರೆದು ಎದುರು ಕೂರಿಸಿಕೊಂಡಳು. ಆಮೇಲೆ ಗುರುತಿನ ಕಾರ್ಡಿಗೆ ಕೈ ಚಾಚಿದಳು. ಟೇಪಕ್ಕ ಕುತ್ತಿಗೆಯಿಂದ ತೆಗೆದು ಕೊಟ್ಟಳು. ವಾದ ಮಾಡಲಿಲ್ಲ. ಮಾಡಿದ್ದು ಸುಳ್ಳೇನಲ್ಲವಲ್ಲ.

ಕೆಲಸ ಹೋದ ಮೇಲೆ ಹೆದರಿಕೆಯೂ ಹೋಯಿತು. ಅಲ್ಲಿಂದ ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ, ಒಬ್ಬ ಮಹಿಳಾ ಪೊಲೀಸನ್ನು ಕರೆದುಕೊಂಡು ತಂಗಿಯ ಮನೆಗೆ ಬಂದಳು. ಪುಟ್ಟಿ ಕದ ತೆರೆದವಳು ಹೆದರಲಿಲ್ಲ, ಬೈಯಲಿಲ್ಲ. ಟೀ ಮಾಡಲಾ ಎಂದು ಕೇಳಿದಳು. ಬೀಗದ ಕೈ ತಾನೇ ತಂದುಕೊಟ್ಟಳು. ಒಲೆಯ ಕಥೆ ಹೇಳಿದಳು, ಹೊಗೆ ಹಿಡಿದ ಗೋಡೆ ತೋರಿಸಿದಳು, ಮಾತ್ರೆಯ ಡಬ್ಬಿ ತೋರಿಸಿದಳು. ಪೊಲೀಸಮ್ಮ ಒಳ್ಳೆಯವಳೇ. ಮಂಚದ ಎದುರು ಮೊಣಕಾಲೂರಿ ಮುದುಕಿಯ ಕೈ ಹಿಡಿದು ಕೇಳಿದಳು: "ಅಜ್ಜೀ, ನಿಮ್ಮನ್ನ ಯಾರಾದ್ರೂ ಕೂಡಿ ಹಾಕಿದ್ದಾರಾ? ಹೆದರ್ಬೇಡಿ, ಹೇಳಿ."

ಕಂಡಕ್ಟರಮ್ಮ ಗೋಡೆಯ ಕಡೆ ಕಣ್ಣೆತ್ತಿದಳು. ನೋಡಿ ಕಣ್ಣಿಳಿಸಿದಳು.

"ಇಲ್ಲಮ್ಮ. ನಾನೇ ಇದ್ದೀನಿ."

ಪೊಲೀಸಮ್ಮ ನಿಟ್ಟುಸಿರಿಟ್ಟು ಎದ್ದಳು. ವಯಸ್ಸಾದವರನ್ನು ಹೀಗೆ ಇಡಬಾರದೆಂದು ಪುಟ್ಟಿಗೆ ಗದರಿ, ತನ್ನ ಕಣ್ಣೆದುರಿಗೇ ಚಿಲಕ ಬಿಚ್ಚಿಸಿ, ಕ್ಯಾಮೆರಾ ಕೀಳಿಸಿ, ಇನ್ನೊಮ್ಮೆ ಬಂದು ನೋಡುತ್ತೇನೆಂದು ಹೇಳಿ ಹೋದಳು. ಟೇಪಕ್ಕನಿಗೆ ಅಷ್ಟಾದರೂ ಆಯಿತಲ್ಲ ಎನ್ನಿಸಿತು.

ಒಂದು ವಾರ ಬಿಟ್ಟು ಹೋದಳು. ಪುಟ್ಟಿ ನಗುತ್ತಲೇ ಒಳಗೆ ಕರೆದಳು. "ಬಾ ಅಕ್ಕ, ನೋಡು. ನೀನೇ ನೋಡು."

ಹಿಂದಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಚಿಲಕ ಇದ್ದ ಜಾಗದಲ್ಲಿ ಮೊಳೆಯ ತೂತುಗಳಷ್ಟೇ. ಕಂಡಕ್ಟರಮ್ಮ ಮಂಚದ ಮೇಲೆ, ತೊಡೆಯ ಮೇಲೆ ಕೈಯಿಟ್ಟುಕೊಂಡು, ಹಾಗೇ ಕುಳಿತಿದ್ದಳು. ಹೊಸ್ತಿಲಾಚೆ ಹಜಾರದ ಬೆಳಕು ಅವಳ ಕಾಲಿನ ಹತ್ತಿರದವರೆಗೂ ಬಂದು ಬಿದ್ದಿತ್ತು. ಪಾದವನ್ನು ಆ ಬೆಳಕಿನಿಂದ ಹಿಂದಕ್ಕೆ ಎಳೆದುಕೊಂಡಿದ್ದಳು.

"ಬಾಗಿಲು ತೆಗೆದೇ ಇದೆ," ಎಂದಳು ಪುಟ್ಟಿ, ಅದೇ ಪಿಸುದನಿಯಲ್ಲಿ. "ಅವರೇ ಬರಲ್ಲ. ನಾನೇನು ಮಾಡ್ಲಿ ಹೇಳು?"

ಟೇಪಕ್ಕ ತಂಗಿಯ ಕಡೆ ನೋಡಲಿಲ್ಲ. ನೋಡಿದರೆ ಕೈಯೆತ್ತಿಬಿಡುತ್ತೇನೆ ಅಥವಾ ಅಪ್ಪಿಕೊಂಡು ಅತ್ತುಬಿಡುತ್ತೇನೆ ಎಂದು ಅವಳಿಗೆ ಭಯವಾಗಿತ್ತು. ಕೋಣೆಯೊಳಗೆ ಹೋಗಿ ಕಪಾಟು ತೆಗೆದು ಮುದುಕಿಯ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿದಳು. ಮಾತ್ರೆಯ ಡಬ್ಬಿ ಹಾಕಿದಳು. ಕಂಡಕ್ಟರಮ್ಮನ ಎರಡೂ ಕೈ ಹಿಡಿದು ಎಬ್ಬಿಸಿದಳು.

"ಅಮ್ಮಾ, ಬರಬಹುದಾ ಅಂತ ಯಾರನ್ನೂ ಕೇಳ್ಬೇಡಿ. ನನ್ನ ಜೊತೆ ಬನ್ನಿ."

ಹೊಸ್ತಿಲಲ್ಲಿ ಮುದುಕಿಯ ಕಾಲು ನಿಂತೇಬಿಟ್ಟಿತು.  ಟೇಪಕ್ಕ ಎಳೆಯಲಿಲ್ಲ. ಪಕ್ಕದಲ್ಲಿ ನಿಂತಳು. ಎಷ್ಟು ಹೊತ್ತು ನಿಂತಿದ್ದರೋ, ಬೆನ್ನ ಹಿಂದೆ ಪುಟ್ಟಿ ಉಸಿರಾಡುವುದು ಕೇಳುತ್ತಿತ್ತು. ಆಮೇಲೆ ಒಂದು ಪಾದ ದಾಟಿತು, ಇನ್ನೊಂದು ದಾಟಿತು. ಹಜಾರ ದಾಟಿ ಬೀದಿಯ ಬಿಸಿಲಿಗೆ ಬಂದಾಗ ಮುದುಕಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

ಗೇಟಿನ ಹತ್ತಿರ ಪುಟ್ಟಿ ಓಡಿಬಂದಳು. "ಅಕ್ಕ! ಹಾಗಾದ್ರೆ ಈ ಮನೇಲಿ ನಾನೊಬ್ಬಳೇನಾ?"

 ಟೇಪಕ್ಕ ಮುದುಕಿಯನ್ನು ಆಟೋಗೆ ಹತ್ತಿಸಿ, ತಾನೂ ಹತ್ತಿದಳು.

ತಾಯಿ ಟೇಪಕ್ಕನ ಮನೆಯಲ್ಲಿರುವುದಕ್ಕೆ ಹಡಗಿನಲ್ಲಿದ್ದ ಮಗ ಫೋನಿನಲ್ಲಿ ಒಪ್ಪಿಕೊಂಡ. ಬೇಡವೆನ್ನುತ್ತಾನೇನೋ ಎಂದು ಅವಳು ಅಂಜಿದ್ದಳು, ಅವನು ಮಾತು ಮುಗಿಯುವ ಮೊದಲೇ ಒಪ್ಪಿಕೊಂಡ. ಎರಡು ಕೋಣೆಯ ಮನೆಯಲ್ಲಿ ಮಂಚಕ್ಕೆ ಜಾಗ ಮಾಡಲು ಗಂಡ ತನ್ನ ಹಳೆಯ ತಿರುಗುವ ಕುರ್ಚಿಯನ್ನು ಹೊರಗೆ ಹಾಕಿದ. "ಈಯಮ್ಮನ ಕಾಲದಲ್ಲಿ ಬಸ್ಸಲ್ಲಿ ಬಿಟ್ಟಿ ಹೋಗಿದ್ದಕ್ಕೆ ಈಗ ದಂಡ ಕಟ್ತಿದ್ದೀನಿ," ಎಂದು ಅವಳೆದುರಿಗೇ ಅಂದ. ಮುದುಕಿ ನಗಲಿಲ್ಲ. ಆದರೆ ಅವನ ಮುಖವನ್ನು ಕಣ್ಣಿಟ್ಟು ನೋಡಿದಳು. ದಿನಗಳು ಹೋದಂತೆ ತಾನೇ ಎದ್ದು ನೀರು ಕುಡಿಯುವಷ್ಟಾದಳು. ಏಳುವ ಮೊದಲು ಗೋಡೆಯ ಮೇಲ್ಭಾಗವನ್ನು ಒಮ್ಮೆ ಸುತ್ತ ನೋಡುವುದು ಮಾತ್ರ ಬಿಡಲಿಲ್ಲ. ದನಿ ಪಿಸುಗುಟ್ಟುವುದಕ್ಕಿಂತ ಮೇಲೆ ಏರಲಿಲ್ಲ. ಟೇಪಕ್ಕ ಹತ್ತಿರದ ಔಷಧಿ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಹಿಡಿದಳು. ಮಧ್ಯಾಹ್ನದ ನಂತರ ಮುದುಕಿಯ ಜೊತೆ ಇರುತ್ತಿದ್ದಳು.

ಪುಟ್ಟಿಯ ಫೋನು ಮತ್ತೆ ಭಾನುವಾರ ಭಾನುವಾರ ಬರತೊಡಗಿತು. ಕಂಪನಿಗೆ ದೂರು ಕೊಟ್ಟ ಮಾತು ಅವಳು ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಮೊದಮೊದಲು ಆಡಿದ್ದೆಲ್ಲ ಅಡುಗೆ, ಬಿಸಿಲು, ನೆಗಡಿಯ ಮಾತು. ಒಂದು ಭಾನುವಾರ ಅವಳ ದನಿ ಎಂದಿಗಿಂತ ಮೃದುವಾಗಿತ್ತು.

"ಅವರು ಏನು ಮಾಡ್ತಿದ್ದಾರೆ ಅಕ್ಕ, ಈಗ?"

"ಯಾರು? ನಿಮ್ಮ ಅತ್ತೆಯಾ? ಕೂತಿದ್ದಾರೆ."

"ಎಲ್ಲಿ ಕೂತಿದ್ದಾರೆ?"

"ಕಿಟಕಿ ಹತ್ರ."

"ಹ್ಞೂಂ..." ಎಂದಳು ಪುಟ್ಟಿ. ಆ ಮನೆಯ ಫ್ರಿಜ್ಜಿನ ಸದ್ದು ಫೋನಿನಲ್ಲಿ ಕೇಳುತ್ತಿತ್ತು. "ಇಲ್ಲಿ ಒಬ್ಬಳಿಗೇ ಹೊತ್ತು ಹೋಗಲ್ಲ ಅಕ್ಕ. ಒಂದು ಕೆಲಸ ಮಾಡ್ತೀಯಾ? ಆ ಕ್ಯಾಮೆರಾ ನನ್ನ ಹತ್ರಾನೇ ಇದೆ. ಕಳಿಸಿಕೊಡ್ತೀನಿ. ನಿಮ್ಮ ಗೋಡೆ ಮೇಲೆ ಹಾಕು. ಬೇರೇನೂ ಇಲ್ಲ, ಸುಮ್ನೆ ನೋಡ್ಕೊಂಡಿರ್ತೀನಿ."

ಟೇಪಕ್ಕ ಫೋನನ್ನು ಕಿವಿಯಿಂದ ಇಳಿಸಿದಳು. ಕಿಟಕಿಯ ಹತ್ತಿರ ಕಂಡಕ್ಟರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಉಸಿರು ಹಿಡಿದು ಕುಳಿತಿದ್ದಳು. ಫೋನಿನಿಂದ ಸೋರಿದ ಆ ಸಣ್ಣ ದನಿ ಅಷ್ಟು ದೂರಕ್ಕೆ ಕೇಳಿಸುವಂಥದ್ದಲ್ಲ. ಆದರೂ ಅವಳಿಗೆ ಕೇಳಿಸಿತ್ತು. ಟೇಪಕ್ಕ ಕರೆ ಕತ್ತರಿಸಿ, ಹೋಗಿ ಅವಳ ಪಕ್ಕದಲ್ಲಿ ಕುಳಿತು, ತಣ್ಣಗಿದ್ದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.